ಮಗಳ ಅಲಂಕಾರ – ಮಹಾದೇವಿಯ ಆರಾಧನೆ

ಆಶ್ವಯುಜ ಶುದ್ಧ ಪ್ರತಿಪದೆಯಿಂದ ಆರಂಭವಾಗುವ ಶರನ್ನವರಾತ್ರಿಯು ಜಗನ್ಮಾತೆಯ ಆರಾಧನೆಗೆ ಮೀಸಲಾದ ಪುಣ್ಯಕಾಲ. ಈ ದಿನಗಳಲ್ಲಿ ದೇವೀಸನ್ನಿಧಿಗಳಲ್ಲಿ ನಡೆಯುವ ಸೇವೆಗಳ ಪೈಕಿ ಭಕ್ತರ ಕಣ್ಮನಗಳನ್ನು ಮೊಟ್ಟಮೊದಲು ಸೆಳೆಯುವುದು ಅಲಂಕಾರಸೇವೆ. ಶೃಂಗೇರಿಯಲ್ಲಿ ಮಹಾಲಯ ಅಮಾವಾಸ್ಯೆಯಂದು ಶ್ರೀ ಶಾರದಾಂಬೆಗೆ ಮಹಾಭಿಷೇಕವಾದ ಬಳಿಕ ಜಗತ್ಪ್ರಸೂತಿಕಾ ಅಲಂಕಾರವನ್ನು ಮಾಡುತ್ತಾರೆ. ಅದು ಮಡಿಲಲ್ಲಿ ಶಿಶುವನ್ನಿಟ್ಟುಕೊಂಡ ತಾಯಿಯ ರೂಪ. ಹಂಸವಾಹನೆ, ವೃಷಭವಾಹನೆ, ಮಯೂರವಾಹನೆ, ಗರುಡವಾಹನೆ ಮೊದಲಾದ ರೂಪಗಳೆಲ್ಲ ಆ ಬಳಿಕ ಬರುವಂಥವು. ಸಿಂಹವನ್ನೇರುವ ಮುನ್ನ, ಸಿಂಹಾಸನದಲ್ಲಿ ಕುಳಿತುಕೊಳ್ಳುವ ಮುನ್ನ, ದೇವಿಯು ಮಗುವಿನ ತಾಯಿಯಾಗಿ ನಮ್ಮೆದುರು ನಿಲ್ಲುತ್ತಾಳೆ. ನವರಾತ್ರಿಯ ಬಾಗಿಲು ತೆರೆಯುವುದೇ ತಾಯ್ತನದಿಂದ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿಯಾರು?

ಗುಡಿಯಲ್ಲಿ ಅರ್ಚಕರು ದೇವಿಯನ್ನು ಅಲಂಕರಿಸುತ್ತಿರುವ ಹೊತ್ತಿನಲ್ಲಿಯೇ ಸಾವಿರಾರು ಮನೆಗಳಲ್ಲಿ ಮತ್ತೊಂದು ಅಲಂಕಾರ ನಡೆದಿರುತ್ತದೆ. ತಾಯಿಯೊಬ್ಬಳು ಚಾಪೆಯ ಮೇಲೆ ಕುಳಿತು, ತನ್ನ ಮುಂದೆ ಬೆನ್ನು ಮಾಡಿ ಕುಳಿತ ಪುಟ್ಟ ಮಗಳ ತಲೆ ಬಾಚುತ್ತಿರುತ್ತಾಳೆ. ಪಕ್ಕದಲ್ಲಿ ಎಣ್ಣೆಯ ಬಟ್ಟಲು, ಬಾಚಣಿಗೆ, ಕಾಡಿಗೆಯ ಡಬ್ಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೊಗ್ಗು. ಗೋಡೆಗೆ ಒರಗಿಸಿಟ್ಟ ಕನ್ನಡಿಯಲ್ಲಿ ಮಗಳು ತನ್ನನ್ನೂ ತಾಯಿಯನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿರುತ್ತಾಳೆ. ಗುಡಿಯ ಅಲಂಕಾರಕ್ಕೆ ಮಂತ್ರವುಂಟು, ವಿಧಿಯುಂಟು. ಮನೆಯ ಈ ಅಲಂಕಾರಕ್ಕೆ ಅಂಥದೇನೂ ಕಾಣದು. ಆದರೂ ಇವೆರಡೂ ಒಂದೇ ಪೂಜೆಯ ಎರಡು ಮುಖಗಳೆಂದು ನಮ್ಮ ಪರಂಪರೆಯು ಭಾವಿಸಿದೆ. ಹೇಗೆ ಎಂಬುದನ್ನೂ, ಆ ಪೂಜೆ ಯಾವಾಗ ಸಫಲವಾಗುತ್ತದೆ, ಯಾವಾಗ ನಿಷ್ಫಲವಾಗುತ್ತದೆ ಎಂಬುದನ್ನೂ ಈ ಪರ್ವಕಾಲದಲ್ಲಿ ವಿಚಾರ ಮಾಡುವುದು ಉಚಿತವಾಗಿದೆ.

ಉಪಚಾರಗಳು

ದೇವಪೂಜೆಯಲ್ಲಿ ಷೋಡಶೋಪಚಾರಗಳೆಂಬ ಹದಿನಾರು ಸೇವೆಗಳುಂಟು. ಆವಾಹನೆ, ಆಸನ, ಪಾದ್ಯ, ಅರ್ಘ್ಯಗಳಿಂದ ತೊಡಗಿ ಸ್ನಾನ, ವಸ್ತ್ರ, ಆಭರಣ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ನಮಸ್ಕಾರಗಳವರೆಗೆ ಅವು ಸಾಗುತ್ತವೆ. ಈಗ ಹಬ್ಬದ ದಿನ ಬೆಳಗಿನಿಂದ ತಾಯಿಯು ಮಗಳಿಗೆ ಮಾಡುವುದನ್ನು ಒಂದೊಂದಾಗಿ ಗಮನಿಸಬೇಕು. ನಿದ್ದೆಯಲ್ಲಿರುವ ಮಗುವನ್ನು ಮೆಲ್ಲನೆ ಕರೆದೆಬ್ಬಿಸುವುದು ಆವಾಹನೆ. ಮಣೆ ಹಾಕಿ ಕೂರಿಸುವುದು ಆಸನ. ಎಣ್ಣೆಯೊತ್ತಿ ಸೀಗೆಪುಡಿಯಿಂದ ತಲೆಗೆರೆದು ಮೀಯಿಸುವುದು ಅಭ್ಯಂಗಸ್ನಾನ. ಒದ್ದೆ ಕೂದಲನ್ನು ಬಿಡಿಸಿ ಸಾಂಬ್ರಾಣಿಯ ಹೊಗೆಗೆ ಹಿಡಿಯುವುದು ಧೂಪ. ಮೈಸೂರಿನ ಕಡೆಯವರ ರೇಷ್ಮೆಯ ಲಂಗ–ರವಿಕೆಯಾಗಲಿ, ಧಾರವಾಡದ ಕಡೆಯವರ ಪರಕರ–ಪೋಲಕವಾಗಲಿ ವಸ್ತ್ರ. ಜುಮಕಿ, ಬೈತಲೆಬೊಟ್ಟು, ಗಾಜಿನ ಬಳೆ, ಕಾಲ್ಗೆಜ್ಜೆಗಳು ಆಭರಣ. ಹಣೆಗೆ ಕುಂಕುಮ, ಮುಡಿಗೆ ಹೂವು, ಇವು ಗಂಧಪುಷ್ಪಗಳು. ಎಲ್ಲ ಮುಗಿದ ಮೇಲೆ ದೃಷ್ಟಿ ತಾಕದಿರಲೆಂದು ಆರತಿ ಎತ್ತುವುದು ದೀಪ. ಹಸಿವಿನಿಂದ ಅಡಿಗೆಮನೆಯತ್ತ ಓಡುವ ಮಗುವಿನ ಬಾಯಿಗೆ ತುತ್ತು ಇಡುವುದು ನೈವೇದ್ಯ.

ಪೂಜಾವಿಧಿಯನ್ನು ಬರೆದಿಟ್ಟವರು ಈ ಉಪಚಾರಗಳನ್ನು ಎಲ್ಲಿಂದ ಕಲಿತಿರಬೇಕು? ಪ್ರೀತಿಪಾತ್ರರಾದವರನ್ನು ಮೀಯಿಸಿ, ಉಡಿಸಿ, ಮುಡಿಸಿ, ಉಣ್ಣಿಸುವ ಮನೆಯ ನಡವಳಿಕೆಯನ್ನೇ ಭಕ್ತಿಯು ದೇವರ ಮುಂದಕ್ಕೆ ಕೊಂಡೊಯ್ಯಿತೆಂದು ಭಾವಿಸಿದರೆ ತಪ್ಪಾಗಲಾರದು. ಯಶೋದೆಯಾಗಿ ನಿಂತು ಬಾಲಕೃಷ್ಣನನ್ನು ಸಿಂಗರಿಸುವ ಭಾವವನ್ನು ನಮ್ಮ ಹರಿದಾಸರು ಹಾಡಿದ್ದಾರೆ. ತಮಿಳುನಾಡಿನ ಪೆರಿಯಾಳ್ವಾರರೂ ಹಾಡಿದ್ದಾರೆ. ದೇವರನ್ನು ಮಗುವೆಂದು ಭಾವಿಸಿ ಅಲಂಕರಿಸುವುದು ಭಕ್ತಿಯಾದರೆ, ಮಗುವನ್ನು ದೇವರೆಂದು ಭಾವಿಸಿ ಅಲಂಕರಿಸುವುದೂ ಭಕ್ತಿಯೇ ಅಲ್ಲವೆ?

ಮೊಗ್ಗಿನ ಜಡೆಯನ್ನೇ ನೋಡಬಹುದು. ಬಿರಿಯದ ಮಲ್ಲಿಗೆಯ ಮೊಗ್ಗುಗಳನ್ನು ಆರಿಸಿ, ಬಾಳೆಪಟ್ಟೆಗೆ ಸೂಜಿದಾರದಿಂದ ಸಾಲುಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ, ಮರುಗಗಳಿಂದ ಚಿತ್ತಾರ ಬಿಡಿಸಿ, ಹೆಣೆದ ಜಡೆಯ ಮೇಲೆ ಅದನ್ನು ಕೂರಿಸಿ ಕೊನೆಗೆ ಕುಚ್ಚು ಕಟ್ಟುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸವದು. ತಾಯಿ ಹೊಲಿಯುವಾಗ ಮೊಗ್ಗಾಗಿದ್ದುದು ಸಂಜೆಯ ಆರತಿಯ ಹೊತ್ತಿಗೆ ಮಗಳ ತಲೆಯ ಮೇಲೆಯೇ ಅರಳುತ್ತದೆ. ಮರುದಿನ ಬೆಳಗಿಗೆ ಬಾಡುತ್ತದೆ. ಒಂದು ಸಂಜೆಯ ಸುಗಂಧಕ್ಕಾಗಿ ಅಷ್ಟು ಶ್ರಮವನ್ನು ಯಾವ ಲೆಕ್ಕವೂ ಒಪ್ಪದು. ಬಡ್ಡಿಯನ್ನೂ ಬಯಸದೆ, ಅಸಲನ್ನೂ ಕೇಳದೆ ಇಡುವ ಇಂಥ ಠೇವಣಿಯನ್ನು ತಾಯಿಯಲ್ಲದೆ ಬೇರೆ ಯಾರು ಇಟ್ಟಾರು? ಫಲದಾಸೆಯಿಲ್ಲದ ಕರ್ಮವೆಂದು ಹಿರಿಯರು ಹೇಳಿದುದಕ್ಕೆ ಇದು ಮನೆಯೊಳಗಿನ ನಿದರ್ಶನ.

ಆಭರಣವೂ ಆಯುಧವೂ

'ಅಲಂಕಾರ' ಎಂಬ ಮಾತಿನಲ್ಲಿಯೇ ಒಂದು ಸೂಕ್ಷ್ಮವಿದೆ. ಸಂಸ್ಕೃತದಲ್ಲಿ 'ಅಲಂ' ಎಂದರೆ 'ಸಾಕು' ಎಂಬ ಅರ್ಥವುಂಟು. 'ತಕ್ಕದ್ದು', 'ಸಮರ್ಥವಾದದ್ದು' ಎಂಬ ಅರ್ಥವೂ ಉಂಟು. ಒಂದನ್ನು ಪರಿಪೂರ್ಣಗೊಳಿಸುವುದು, ಅದರ ಕಾರ್ಯಕ್ಕೆ ಅದನ್ನು ಯೋಗ್ಯವಾಗಿಸುವುದು ಅಲಂಕಾರ. ಇಲ್ಲದ ಅಂದವನ್ನು ಹೊರಗಿನಿಂದ ತಂದು ಮೆತ್ತುವುದು ಅಲಂಕಾರವಲ್ಲ. ಮುಚ್ಚುವುದು, ಮರೆಮಾಚುವುದು ಅದರ ಉದ್ದೇಶವಲ್ಲ.

ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀಮಾಹಾತ್ಮ್ಯದ ಎರಡನೆಯ ಅಧ್ಯಾಯವನ್ನು ಸ್ಮರಿಸಿಕೊಂಡರೆ ಈ ಅರ್ಥವು ಸ್ಪಷ್ಟವಾಗುತ್ತದೆ. ಮಹಿಷಾಸುರನ ಪೀಡೆಯಿಂದ ಕಂಗೆಟ್ಟ ದೇವತೆಗಳ ತೇಜಸ್ಸೆಲ್ಲ ಒಂದುಗೂಡಿ ಸ್ತ್ರೀರೂಪವನ್ನು ತಳೆಯಿತು. ಶಿವನು ತ್ರಿಶೂಲವನ್ನೂ ವಿಷ್ಣುವು ಚಕ್ರವನ್ನೂ ಕೊಟ್ಟರು. ಕ್ಷೀರಸಾಗರನು ಹಾರವನ್ನೂ, ಎಂದೂ ಹಳತಾಗದ ವಸ್ತ್ರಗಳನ್ನೂ, ಚೂಡಾಮಣಿಯನ್ನೂ, ಕುಂಡಲ, ಕಂಕಣ, ತೋಳಬಂದಿ, ಕಾಲ್ಗೆಜ್ಜೆ, ಬೆರಳುಬೆರಳಿಗೂ ಉಂಗುರಗಳನ್ನೂ ಅರ್ಪಿಸಿದನು. ವಿಶ್ವಕರ್ಮನು ಪರಶುವನ್ನೂ ಭೇದಿಸಲಾಗದ ಕವಚವನ್ನೂ, ಸಮುದ್ರರಾಜನು ಬಾಡದ ಕಮಲಗಳ ಮಾಲೆಯನ್ನೂ, ಹಿಮವಂತನು ಸಿಂಹವನ್ನೂ ರತ್ನಗಳನ್ನೂ ಕೊಟ್ಟರು. ಆಭರಣಗಳೂ ಆಯುಧಗಳೂ ಒಂದೇ ಪ್ರಸಂಗದಲ್ಲಿ, ಒಂದೇ ಪೂಜೆಯ ಅಂಗಗಳಾಗಿ ಬಂದಿವೆ. ಕಾಲ್ಗೆಜ್ಜೆ ಕಟ್ಟಿದ ದೇವಿಯೇ ಕತ್ತಿ ಹಿಡಿದವಳು. ಅವಳನ್ನು ಅಲಂಕರಿಸಿದ್ದು ಅಸುರನನ್ನು ಎದುರಿಸಲು ಕಳುಹಿಸುವ ಮುನ್ನ.

ಇನ್ನೂ ಹತ್ತಿರದ ಕಥೆಯೊಂದು ಬ್ರಹ್ಮಾಂಡಪುರಾಣದ ಲಲಿತೋಪಾಖ್ಯಾನದಲ್ಲಿದೆ. ಭಂಡಾಸುರನೊಡನೆ ಯುದ್ಧ ನಡೆಯುತ್ತಿರುವಾಗ ಅವನ ಮೂವತ್ತು ಮಂದಿ ಮಕ್ಕಳು ರಣರಂಗಕ್ಕೆ ಬರುತ್ತಾರೆ. ಲಲಿತಾದೇವಿಯ ಮಗಳಾದ ಬಾಲೆ ಒಂಬತ್ತು ವರ್ಷದ ಹುಡುಗಿ. ಅವರನ್ನು ತಾನೇ ಎದುರಿಸುವೆನೆಂದು ಅವಳು ತಾಯಿಯ ಬಳಿ ಅಪ್ಪಣೆ ಬೇಡುತ್ತಾಳೆ. ಜಗತ್ತನ್ನೆಲ್ಲ ಹೆತ್ತ ತಾಯಿಗೂ ಕರುಳು ಮಿಡಿಯುತ್ತದೆ. ನೀನಿನ್ನೂ ಚಿಕ್ಕವಳು, ನೀನಿಲ್ಲದೆ ನನಗೆ ಕ್ಷಣಕಾಲವೂ ಇರಲಾಗದು ಎಂದು ತಡೆಯುತ್ತಾಳೆ. ಮಗಳು ತನ್ನ ನಿಶ್ಚಯವನ್ನು ಬಿಡುವುದಿಲ್ಲ. ಆಗ ಲಲಿತೆಯು ಮಗಳನ್ನು ಬಿಗಿದಪ್ಪಿ, ತನ್ನ ಕವಚದಿಂದಲೇ ಒಂದು ಕವಚವನ್ನು ತೆಗೆದು ಅವಳಿಗೆ ತೊಡಿಸಿ, ತನ್ನ ಆಯುಧಗಳಿಂದ ಆಯುಧಗಳನ್ನು ಕೊಟ್ಟು ಬೀಳ್ಕೊಡುತ್ತಾಳೆ. ಬಾಲೆಯು ಗೆದ್ದು ಬರುತ್ತಾಳೆ. ಮಗಳ ವಿಕ್ರಮವನ್ನು ಕಂಡು ತಾಯಿಯು ಆನಂದಿಸುತ್ತಾಳೆ.

ತಾಯಿಯೊಬ್ಬಳು ಮಗಳಿಗೆ ಉಡಿಸಿ ತೊಡಿಸಿದುದರ ಅತ್ಯುನ್ನತ ಚಿತ್ರ ಇದು. ಲಲಿತೆಯು ತೊಡಿಸಿದ ಕವಚ ಬೇರೆಲ್ಲಿಂದಲೋ ತಂದದ್ದಲ್ಲ, ತನ್ನದರಿಂದಲೇ ತೆಗೆದದ್ದು. ಮಗಳ ಜಡೆ ಹೆಣೆಯುತ್ತ ತಾಯಂದಿರು ಕೊಡುವುದೂ ಇಂಥದೇ. ಕೂದಲನ್ನು ಮೂರು ಕಾಲಾಗಿ ಹಿಡಿದ ಆ ಹೊತ್ತಿನಲ್ಲಿ ಕಥೆ ಹೇಳುತ್ತಾರೆ, ಹಾಡು ಕಲಿಸುತ್ತಾರೆ, ಶಾಲೆಯಲ್ಲಿ ಏನಾಯಿತೆಂದು ಕೇಳುತ್ತಾರೆ. ಬೆನ್ನು ತಿರುಗಿಸಿ ಕುಳಿತ ಮಗು ಎದುರುಬದುರಾಗಿ ಹೇಳಲಾರದುದನ್ನು ಆಗ ಹೇಳಿಬಿಡುತ್ತದೆ. ಮನೆಯ ಹೊರಗೆ ಬೇರೆ ಭಾಷೆಯಾಡುವ ಮಹಾನಗರಗಳಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವು ದಕ್ಕಿರುವುದು ಜಡೆ ಹೆಣೆಯುವ ಆ ಅರ್ಧಗಂಟೆಯಲ್ಲಿಯೇ. ಹೂವು ಸಂಜೆಗೆ ಬಾಡಿದರೂ ಆ ಮಾತು ಬಾಡದೆ ಉಳಿಯುತ್ತದೆ. ನಾಳೆ ಲೋಕವನ್ನು ಎದುರಿಸಬೇಕಾದ ಹುಡುಗಿಗೆ ಅದೇ ಕವಚ.

ಕುಮಾರೀಪೂಜೆಯ ಮರ್ಮ

ನವರಾತ್ರಿಯ ವಿಧಿಗಳಲ್ಲಿ ಕುಮಾರೀಪೂಜೆಗೆ ವಿಶೇಷವಾದ ಸ್ಥಾನವಿದೆ. ದೇವೀಭಾಗವತದ ಮೂರನೆಯ ಸ್ಕಂಧದಲ್ಲಿ ಅದರ ಕ್ರಮವನ್ನು ಹೇಳಲಾಗಿದೆ. ಎರಡು ವರ್ಷದ ಹುಡುಗಿಯನ್ನು ಕುಮಾರಿಕೆಯೆಂದು ಪೂಜಿಸಬೇಕು. ಮೂರು ವರ್ಷದವಳು ತ್ರಿಮೂರ್ತಿ, ನಾಲ್ಕು ವರ್ಷದವಳು ಕಲ್ಯಾಣಿ, ಐದರವಳು ರೋಹಿಣಿ, ಆರರವಳು ಕಾಳಿಕೆ, ಏಳರವಳು ಚಂಡಿಕೆ, ಎಂಟರವಳು ಶಾಂಭವಿ, ಒಂಬತ್ತರವಳು ದುರ್ಗೆ, ಹತ್ತರವಳು ಸುಭದ್ರೆ. ಮನೆಯಲ್ಲಿ ಆರು ವರ್ಷದ ಮಗಳಿರುವ ತಾಯಿಯು, ಹಲ್ಲು ಬಿದ್ದು ನಗುವ ಆ ಕಾಳಿಕೆಯನ್ನು ನೆನೆದು ಮುಗುಳ್ನಗಬಹುದು. ಹಟಮಾಡುವ ಏಳರವಳಿಗೆ ಚಂಡಿಕೆಯೆಂಬ ಹೆಸರು ತಕ್ಕದ್ದೇ ಎನ್ನಲೂಬಹುದು.

ಒಂದು ವರ್ಷದ ಮಗುವನ್ನು ಏಕೆ ಸೇರಿಸಲಿಲ್ಲ ಎಂಬ ಪ್ರಶ್ನೆಗೂ ಆ ಪುರಾಣದಲ್ಲಿಯೇ ಉತ್ತರವಿದೆ. ಅಷ್ಟು ಎಳೆಯ ಕೂಸಿಗೆ ಗಂಧವೇ ಮೊದಲಾದ ಭೋಗಗಳ ಅರಿವಿರುವುದಿಲ್ಲ. ಆದುದರಿಂದ ಅದನ್ನು ಪೂಜೆಗೆ ಕೂರಿಸಬಾರದು ಎಂದು ಅದು ಹೇಳುತ್ತದೆ. ಈ ಮಾತನ್ನು ಎಷ್ಟು ಮನನ ಮಾಡಿದರೂ ಸಾಲದು. ಹೂವಿನ ಕಂಪನ್ನು ಮಗು ಸವಿಯಬೇಕು, ಸಿಹಿಯ ರುಚಿಯನ್ನು ಅನುಭವಿಸಬೇಕು, ಹೊಸ ಲಂಗದ ಸರಬರ ಸದ್ದಿಗೆ ಹಿಗ್ಗಬೇಕು. ಪೂಜೆಗೆ ಕುಳಿತ ಕುಮಾರಿಯು ಅದರಲ್ಲಿ ಸಂತೋಷಪಡಬಲ್ಲವಳಾಗಿರಬೇಕೆಂಬುದು ಇದರ ತಾತ್ಪರ್ಯ. ನೋಡುವವರ ತೃಪ್ತಿಯ ಮಾತು ಇಲ್ಲಿ ಬಂದಿಲ್ಲ. ಮಾಡುವವರ ಹೆಮ್ಮೆಯ ಮಾತೂ ಬಂದಿಲ್ಲ. ಕುಮಾರಿಯ ಮುಖದಲ್ಲಿ ಮೂಡುವ ಆನಂದವೇ ದೇವಿಯು ಪೂಜೆಯನ್ನು ಸ್ವೀಕರಿಸಿದಳೆಂಬುದಕ್ಕೆ ಗುರುತು.

ಈ ಪೂಜೆಯಲ್ಲಿ ಮಗು ಯಾರದೆಂಬ ಪ್ರಶ್ನೆಯೂ ಏಳಲಾರದೆಂಬುದನ್ನು ಸ್ವಾಮಿ ವಿವೇಕಾನಂದರು ಆಚರಿಸಿ ತೋರಿದರು. 1898ರಲ್ಲಿ ಕಾಶ್ಮೀರದಲ್ಲಿದ್ದಾಗ ಅವರು ತಮ್ಮ ದೋಣಿ ನಡೆಸುತ್ತಿದ್ದ ಮುಸಲ್ಮಾನ ಅಂಬಿಗನ ನಾಲ್ಕು ವರ್ಷದ ಮಗಳನ್ನು ಉಮೆಯೆಂದು ಭಾವಿಸಿ ಪೂಜಿಸಿದರು. 1901ರಲ್ಲಿ ಬೇಲೂರು ಮಠದಲ್ಲಿ ಮೊದಲ ಬಾರಿಗೆ ದುರ್ಗಾಪೂಜೆ ನಡೆದಾಗ ಅಲ್ಲಿಯೂ ಕುಮಾರೀಪೂಜೆಯನ್ನು ನಡೆಯಿಸಿದರು. ದೇವಿಯು ಯಾವ ಮನೆಯ ಹೊಸ್ತಿಲಲ್ಲಿ ಆಡುತ್ತಿದ್ದರೂ ಗುರುತಿಸಬಲ್ಲ ಕಣ್ಣು ಅವರದಾಗಿತ್ತು.

ಕನ್ನಡಿಗರು ನೆಲಸಿರುವ ಊರುಗಳಲ್ಲೆಲ್ಲ ಈ ಭಾವನೆ ಒಂದಲ್ಲ ಒಂದು ರೂಪದಲ್ಲಿ ಕಾಣಸಿಗುತ್ತದೆ. ದೆಹಲಿಯಲ್ಲಿ ಅಷ್ಟಮಿ, ನವಮಿಗಳಂದು ನೆರೆಹೊರೆಯ ಹೆಣ್ಣುಮಕ್ಕಳ ಕಾಲು ತೊಳೆದು, ಪೂರಿ, ಕಡಲೆ, ಹಲ್ವಗಳನ್ನು ಬಡಿಸುತ್ತಾರೆ. ಪುಣೆಯಲ್ಲಿ ಆನೆಯ ಚಿತ್ರದ ಸುತ್ತ ಹುಡುಗಿಯರು ಕೈಹಿಡಿದು ಹಾಡುತ್ತ ಭೋಂಡ್ಲಾ ಆಡುತ್ತಾರೆ. ಹೈದರಾಬಾದಿನಲ್ಲಿ ಹೂಗಳನ್ನು ಗೋಪುರದಂತೆ ಜೋಡಿಸಿದ ಬತುಕಮ್ಮನ ಸುತ್ತ ತಾಯಿ–ಮಗಳು ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಚೆನ್ನೈಯಲ್ಲಿ ಗೊಲುವಿಗೆ ಕರೆಯಲು ಪುಟ್ಟ ಹುಡುಗಿಯರು ಅಲಂಕರಿಸಿಕೊಂಡು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗುತ್ತಾರೆ. ಬಂಗಾಳಿಗಳಿಗಂತೂ ದುರ್ಗೆಯೇ ತವರಿಗೆ ಬಂದ ಮಗಳು. ಉತ್ತರ ಕರ್ನಾಟಕದವರಿಗೆ ಕಾರ್ತಿಕದ ಗೌರಿ ಹುಣ್ಣಿಮೆಯಂದು ಸಕ್ಕರೆಯ ಆರತಿ ಹಿಡಿದು ಹೊರಟ ಹುಡುಗಿಯರ ಸಾಲು ನೆನಪಾಗಬಹುದು. ಹೆಸರು ಬೇರೆ, ಹಾಡು ಬೇರೆ. ಸಿಂಗರಿಸಿಕೊಂಡು ನಿಂತ ಮಗು ಮಾತ್ರ ಒಂದೇ.

ಪೂಜೆಯು ಪ್ರದರ್ಶನವಾದಾಗ

ಇಷ್ಟು ಪವಿತ್ರವಾದ ಕಾರ್ಯವೂ ದಾರಿ ತಪ್ಪುವುದುಂಟು. ಒಂದು ಮನೆಯ ದೃಷ್ಟಾಂತವನ್ನು ನೋಡಬಹುದು. ಮಹಾನಗರದ ಉಪನಗರವೊಂದರಲ್ಲಿ ಎರಡು ಕೋಣೆಗಳ ಮನೆ. ಅದರಲ್ಲಿ ತಾಯಿ, ತಂದೆ, ಏಳು ವರ್ಷದ ಹುಡುಗಿ, ಮತ್ತು ಗಂಡನನ್ನು ಕಳೆದುಕೊಂಡ ಅಜ್ಜಿ. ನವರಾತ್ರಿಯಲ್ಲಿ ಮಕ್ಕಳ ವೇಷಭೂಷಣದ ಸ್ಪರ್ಧೆಯಿತ್ತು. ತಾಯಿಯು ಬೆಳಿಗ್ಗೆ ಐದಕ್ಕೆ ಎದ್ದು ಮಾರುಕಟ್ಟೆಗೆ ಹೋಗಿ ಮೊಗ್ಗು ತಂದಳು. ಮೂರು ಗಂಟೆ ಕುಳಿತು ಜಡೆ ಕಟ್ಟಿದಳು. ಜಡೆ ಭಾರವಾಗಿ ಮಗುವಿನ ಕತ್ತು ನೋಯುತ್ತಿತ್ತು. ಕೂರಬೇಡ, ಒರಗಬೇಡ, ಬೆವರು ಒರೆಸಿಕೊಳ್ಳಬೇಡ ಎಂಬ ಎಚ್ಚರಿಕೆಗಳಲ್ಲಿಯೇ ಮಧ್ಯಾಹ್ನ ಕಳೆಯಿತು. ಬಣ್ಣ ತುಸು ಕಪ್ಪಾದ ಮಗುವಿನ ಮುಖಕ್ಕೆ ಪೌಡರನ್ನು ಮತ್ತೆ ಮತ್ತೆ ಬಳಿಯಲಾಯಿತು. ಸಂಜೆ ಬಹುಮಾನವು ಬೇರೆ ಮಗುವಿಗೆ ಹೋಯಿತು.

ಮನೆಗೆ ಬಂದ ಮೇಲೆ ತಾಯಿ ಮಾತಿಲ್ಲದೆ ಜಡೆಯನ್ನು ಬಿಚ್ಚತೊಡಗಿದಳು. ಹುಡುಗಿ ಕೇಳಿದಳು: “ಅಮ್ಮಾ, ನಾನು ಚೆನ್ನಾಗಿ ಕಾಣಿಸಲಿಲ್ಲವಾ?”

ತಾಯಿಗೆ ಉತ್ತರ ಹೊಳೆಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದರು: “ಪುಟ್ಟೀ, ದೇವಿಗೆ ಒಂಬತ್ತು ದಿನವೂ ಅಲಂಕಾರ ಮಾಡುತ್ತಾರಲ್ಲ, ಅವಳಿಗೆ ಇದುವರೆಗೆ ಎಷ್ಟು ಬಹುಮಾನ ಬಂದಿದೆ?”

ಹುಡುಗಿ ನಕ್ಕುಬಿಟ್ಟಳು. “ದೇವರಿಗೆ ಯಾರಾದರೂ ಬಹುಮಾನ ಕೊಡುತ್ತಾರಾ ಅಜ್ಜೀ?”

“ನಿನಗೂ ಹಾಗೆಯೇ ಕಂದಾ. ನಿನಗೆ ನಂಬರು ಹಾಕುವವರು ಇನ್ನೂ ಹುಟ್ಟಿಲ್ಲ.”

ಮರುದಿನ ಸಂಜೆ ಹೂವಿನ ದಂಡೆಯನ್ನು ತೆಗೆದುಕೊಂಡು ಹುಡುಗಿ ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತಳು. “ಇವತ್ತು ನೀನೇ ಮುಡಿಸು” ಎಂದಳು. ಗಂಡ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದ ಅಜ್ಜಿಯ ಕೈ ಅಳುಕಿತು. ಸೊಸೆಯು ಅದನ್ನು ಕಂಡು, “ಮುಡಿಸಿ ಅತ್ತೆ, ಮಗು ಕಾಯುತ್ತಿದೆ” ಎಂದಳು.

ಈ ದೃಷ್ಟಾಂತದಲ್ಲಿ ವಿಚಾರಮಾಡತಕ್ಕ ವಿಷಯಗಳು ಎರಡಿವೆ. ಮೊದಲನೆಯದು, ತಾಯಿಯ ಶ್ರಮದಲ್ಲಿ ಕೊರತೆಯಿರಲಿಲ್ಲ, ಪ್ರೀತಿಯಲ್ಲಿಯೂ ಇರಲಿಲ್ಲ. ಆದರೆ ಅವಳ ಕಣ್ಣು ಮಗುವಿನ ಮುಖದಿಂದ ಜಾರಿ, ನೋಡುವವರ ಮುಖಗಳ ಮೇಲೆ ನೆಲೆಸಿತು. ಅಷ್ಟರಿಂದಲೇ ಪೂಜೆಯು ಪ್ರದರ್ಶನವಾಯಿತು. ಈಗಂತೂ ಕೈಯಲ್ಲಿರುವ ಮೊಬೈಲಿನಿಂದ ಕ್ಷಣಕ್ಕೊಂದು ಛಾಯಾಚಿತ್ರ ತೆಗೆದು ನೂರಾರು ಮಂದಿಗೆ ಕಳುಹಿಸಬಹುದು. ಮಗು ನಗುವುದನ್ನು ಕಂಡು ಚಿತ್ರ ತೆಗೆಯುವುದು ಸಹಜ. ಚಿತ್ರಕ್ಕಾಗಿ ಮಗುವನ್ನು ಮತ್ತೆ ಮತ್ತೆ ನಗು ಎಂದು ಗದರಿಸುವುದು ಬೇರೆಯೇ ಸಂಗತಿ. ಇನ್ನು ಬಣ್ಣದ ಮಾತು. ಕಾಳಿಯು ಕಪ್ಪು, ರಾಮಕೃಷ್ಣರೂ ಗೋಪಿಯರೂ ಪೂಜಿಸಿದ ಕಾಳಿ, ಕೃಷ್ಣರ ಮೈಬಣ್ಣವನ್ನು ಪೌಡರಿನಿಂದ ಮುಚ್ಚಲು ಯಾರೂ ಹೊರಡಲಿಲ್ಲ. ಮಗುವಿನ ಬಣ್ಣವನ್ನು ಮುಚ್ಚಹೊರಟ ಕೈ ಅದರ ಮನಸ್ಸಿಗೆ ಹೇಳುವ ಮಾತು ಬಹುಕಾಲ ಉಳಿಯುವಂಥದು. ನೀನು ಇದ್ದಂತೆ ಸಾಲದು ಎಂಬುದೇ ಆ ಮಾತು. 'ಅಲಂ' ಎಂದರೆ 'ಸಾಕು' ಎಂದಾದರೆ, 'ಸಾಲದು' ಎಂದು ಹೇಳುವ ಸಿಂಗಾರವನ್ನು ಅಲಂಕಾರವೆಂದು ಹೇಗೆ ಕರೆಯುವುದು?

ಎರಡನೆಯದು ಅಜ್ಜಿಯ ಅಳುಕಿದ ಕೈ. ಹೂವು ಮುಡಿಸಲು, ಕುಂಕುಮವಿಡಲು, ಆರತಿ ಎತ್ತಲು ವಿಧವೆಯಾದ ತಾಯಿಯೋ ಅಜ್ಜಿಯೋ ಅರ್ಹರಲ್ಲವೆಂದು ದೂರ ನಿಲ್ಲಿಸುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ದಶಮಹಾವಿದ್ಯೆಗಳೆಂದು ಪ್ರಸಿದ್ಧವಾದ ದೇವಿಯ ಹತ್ತು ರೂಪಗಳಲ್ಲಿ ಧೂಮಾವತಿಯೂ ಒಬ್ಬಳು. ಅವಳು ಆಭರಣಗಳಿಲ್ಲದ, ಮಾಸಿದ ಬಟ್ಟೆಯ, ಕೈಯಲ್ಲಿ ಮೊರ ಹಿಡಿದ ವಿಧವೆ. ದೇವಿಯೇ ಆ ರೂಪವನ್ನು ಧರಿಸಿರುವಾಗ ಆ ರೂಪವನ್ನು ಅಮಂಗಳವೆನ್ನಲು ನಮಗೆ ಅಧಿಕಾರವೆಲ್ಲಿಯದು? ಹೆತ್ತ ಮಗಳಿಗೆ ಹೂವು ಮುಡಿಸಲಾಗದೆ ಬಾಗಿಲ ಹಿಂದೆ ನಿಂತ ತಾಯಿಯ ಕಣ್ಣೀರಿಗಿಂತ ದೊಡ್ಡ ಅಮಂಗಳ ಮತ್ತೊಂದಿಲ್ಲ. ನವರಾತ್ರಿಯಲ್ಲಿ ಅಂಥ ಒಂದು ಕೈಯನ್ನು ಮುಂದೆ ಕರೆದರೆ ಸಾಕು, ಚಂಡೀಪಾರಾಯಣದ ಫಲ ಅಲ್ಲಿಯೇ ಇದೆ.

ಮುಡಿದು ಕೊಟ್ಟವಳು

ಅಲಂಕಾರದಲ್ಲಿ ಮಗುವಿನ ಆನಂದಕ್ಕೆ ದೇವರು ಎಷ್ಟು ಬೆಲೆ ಕೊಡುತ್ತಾನೆಂಬುದಕ್ಕೆ ಗೋದಾದೇವಿಯ ಕಥೆಯೇ ಸಾಕ್ಷಿ. ಶ್ರೀವಿಲ್ಲಿಪುತ್ತೂರಿನಲ್ಲಿ ಪೆರಿಯಾಳ್ವಾರರೆಂದು ಪ್ರಸಿದ್ಧರಾದ ವಿಷ್ಣುಚಿತ್ತರು ವಟಪತ್ರಶಾಯಿಗೆ ನಿತ್ಯವೂ ಹೂಮಾಲೆ ಕಟ್ಟುತ್ತಿದ್ದರು. ತುಲಸಿಯ ತೋಟದಲ್ಲಿ ದೊರೆತ ಹೆಣ್ಣುಕೂಸನ್ನು ಮಗಳಾಗಿ ಸಾಕಿದರು. ಆ ಹುಡುಗಿ ಸ್ವಾಮಿಗೆಂದು ಕಟ್ಟಿಟ್ಟ ಮಾಲೆಯನ್ನು ತಾನು ಮುಡಿದು, ತನ್ನ ಪ್ರತಿಬಿಂಬವನ್ನು ನೋಡಿ ಹಿಗ್ಗಿ, ಮತ್ತೆ ಬುಟ್ಟಿಯಲ್ಲಿ ಇಟ್ಟುಬಿಡುತ್ತಿದ್ದಳು. ಒಂದು ದಿನ ತಂದೆಯ ಕಣ್ಣಿಗೆ ಇದು ಬಿತ್ತು. ಮೈಲಿಗೆಯಾಯಿತೆಂದು ಮರುಗಿ ಆ ಮಾಲೆಯನ್ನು ಬದಿಗಿಟ್ಟರು. ಸ್ವಾಮಿಯು ಕನಸಿನಲ್ಲಿ ಬಂದು, ಅವಳು ಮುಡಿದು ಬಿಟ್ಟ ಮಾಲೆಯೇ ತನಗೆ ಬೇಕೆಂದನು. ವಿಜಯನಗರದ ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದ ಕಾವ್ಯಕ್ಕೆ ಈ ಕಥೆಯೇ ವಸ್ತು.

ಹುಡುಗಿಯು ಕನ್ನಡಿಯ ಮುಂದೆ ನಿಂತು ಹಿಗ್ಗುವುದನ್ನು ಕಂಡು ಗದರಿಸುವ ಹಿರಿಯರು ಈ ಕಥೆಯನ್ನು ನೆನೆಯಬೇಕು. ತನ್ನನ್ನು ತಾನು ಕಂಡು ಸಂತೋಷಪಟ್ಟ ಮಗುವಿನ ಹೂವಿನಲ್ಲಿ ದೇವರಿಗೆ ಮೈಲಿಗೆ ಕಾಣಲಿಲ್ಲ. ಪರಿಮಳ ಹೆಚ್ಚಿದಂತೆ ಕಂಡಿತು.

ಇದರ ಇನ್ನೊಂದು ತುದಿಯಲ್ಲಿ ನಮ್ಮ ನಾಡಿನ ಉಡುತಡಿಯ ಮಗಳು ಅಕ್ಕಮಹಾದೇವಿ ನಿಂತಿದ್ದಾಳೆ. ಹನ್ನೆರಡನೆಯ ಶತಮಾನದ ಆ ಮಹಾಶರಣೆಯು ಉಡಿಗೆ ತೊಡಿಗೆಗಳನ್ನು ತೊರೆದು, ತನ್ನ ಕೂದಲನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ನಡೆದಳು. ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ಅವಳ ತಾಯಿಯೂ ಆ ಕೂದಲನ್ನು ಎಣ್ಣೆಯೊತ್ತಿ ಬಾಚಿರಬೇಕಲ್ಲವೆ? ಸಿಂಗರಿಸಿದ ಮಗಳು ಒಂದು ದಿನ ಅದೆಲ್ಲ ಬೇಡವೆಂದು ಕಳಚಿಡಬಹುದು, ಅಥವಾ ತನಗೆ ಹಿಡಿಸಿದ ಬೇರೆ ಉಡುಪನ್ನು ಆರಿಸಿಕೊಳ್ಳಬಹುದು. ಹನ್ನೆರಡು ವರ್ಷ ತುಂಬುತ್ತಲೇ ಲಂಗ ಬೇಡ, ಹೂವು ಬೇಡ, ಜಡೆಯೇ ಬೇಡ ಎನ್ನುವ ಮಗಳನ್ನು ಕಂಡು ನೊಂದುಕೊಳ್ಳುವ ತಾಯಂದಿರು ಮಹಾನಗರಗಳಲ್ಲಿ ಹಲವರು. ಅಕ್ಕನ ನಾಡಿನವರಾದ ನಮಗೆ ಇದು ಸೈರಿಸಲಾಗದ ಸಂಗತಿಯಾಗಬಾರದು. ತಾಯಿಯು ತೊಡಿಸಿದುದೆಲ್ಲ ಮಗಳು ತಾನಾಗಿ ನಿಲ್ಲಲೆಂದೇ. ಅವಳು ತಾನಾಗಿ ನಿಂತಳೆಂದರೆ ಅಲಂಕಾರ ಸಾರ್ಥಕವಾದಂತೆಯೇ.

ಬಾರದೆ ಹೋದ ಕುಮಾರಿಯರು

ಈ ಮಾತುಗಳ ನಡುವೆ ಒಂದು ನೋವಿನ ಲೆಕ್ಕವನ್ನೂ ಮರೆಯುವಂತಿಲ್ಲ. ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಆ ಸಂಖ್ಯೆ 927ಕ್ಕೆ ಇಳಿಯಿತು. 2011ರಲ್ಲಿ 920ನ್ನೂ ಮುಟ್ಟಲಿಲ್ಲ. ಹುಟ್ಟುವ ಮೊದಲೇ ಲಿಂಗವನ್ನು ಪತ್ತೆ ಮಾಡುವುದನ್ನು ತಡೆಯಲು 1994ರಲ್ಲಿ ಕಾಯಿದೆಯಾದ ಬಳಿಕವೂ ಇಳಿಕೆ ನಿಲ್ಲಲಿಲ್ಲ. ಈ ಅಂಕಿಗಳಲ್ಲಿ ಇಲ್ಲದಿರುವವರು ಯಾರು? ಕುಮಾರಿಕೆ, ತ್ರಿಮೂರ್ತಿ, ಕಲ್ಯಾಣಿಯರೇ. ಒಂಬತ್ತು ದಿನ ದೇವಿಗೆ ದೀಪ ಹಚ್ಚಿ, ಹೆಣ್ಣು ಹುಟ್ಟಿತೆಂದು ನಿಟ್ಟುಸಿರು ಬಿಡುವ ಮನೆಯಲ್ಲಿ ಆ ದೀಪಕ್ಕೆ ಎಣ್ಣೆ ಸುರಿದೂ ಪ್ರಯೋಜನವಿಲ್ಲ. ಮಗಳ ತಟ್ಟೆಯಲ್ಲಿ ಮಗನ ತಟ್ಟೆಗಿಂತ ತುಪ್ಪ ಕಡಿಮೆ ಬೀಳುವ ಮನೆಯಲ್ಲಿ ರೇಷ್ಮೆಯ ಲಂಗವೂ ಶೋಭಿಸದು. ಉಡಿಸಿದಷ್ಟೇ ಆಸ್ಥೆಯಿಂದ ಓದಿಸಬೇಕು. ಸಿಂಗರಿಸಿದಷ್ಟೇ ಆಸ್ಥೆಯಿಂದ ಅವಳ ಮಾತಿಗೆ ಕಿವಿಗೊಡಬೇಕು. ಆಭರಣದ ಜೊತೆಗೆ ಆಯುಧವನ್ನೂ ಕೊಟ್ಟ ದೇವತೆಗಳ ನೀತಿ ಇದೇ ಆಗಿದೆ.

ಚಿನ್ನವಿಲ್ಲದ ಮನೆಯ ತಾಯಿಯೂ ಇದರಲ್ಲಿ ಹಿಂದೆ ಬೀಳಬೇಕಾಗಿಲ್ಲ. ಒಂದು ಮೊಳ ಹೂವು, ಒಗೆದು ಮಡಿಸಿಟ್ಟ ಲಂಗ, ಒಂದು ಡಜನ್ ಗಾಜಿನ ಬಳೆ ಸಾಕು. ಹೂವೂ ದೊರೆಯದಿದ್ದರೆ ಬಾಚಿದ ಜಡೆಯೇ ಸಾಕು. ಪತ್ರ, ಪುಷ್ಪ, ಫಲ, ನೀರು ಇವುಗಳಲ್ಲಿ ಯಾವುದನ್ನು ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುವೆನೆಂದು ಗೀತಾಚಾರ್ಯನು ಹೇಳಿರುವಾಗ ತೊಲದ ಲೆಕ್ಕ ಏಕೆ ಬೇಕು? ಸಾಲ ಮಾಡಿ ತಂದ ಸರವು ಮಗಳ ಕೊರಳಿಗಿಂತ ತಾಯಿಯ ಎದೆಗೆ ಭಾರ.

ವಿಸರ್ಜನೆ

ಯಾವ ಪೂಜೆಗೂ ಕೊನೆಯಲ್ಲಿ ವಿಸರ್ಜನೆಯುಂಟು. ದಸರೆ ಮುಗಿದ ಮೇಲೆ ಗೊಂಬೆಗಳನ್ನು ಮಲಗಿಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಮೈಸೂರು ಸೀಮೆಯಲ್ಲಿ ಮದುವೆಯಾಗಿ ಹೊರಟ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳನ್ನು ಕೊಡುವುದುಂಟು. ವರ್ಷವರ್ಷವೂ ಆ ಗೊಂಬೆಗಳಿಗೆ ಪುಟ್ಟ ಸೀರೆಯುಡಿಸಿ, ಮಣಿಸರ ತೊಡಿಸುವಾಗ ಎಷ್ಟೋ ಮಂದಿ ಗೃಹಿಣಿಯರಿಗೆ ತಮ್ಮ ಜಡೆ ಹೆಣೆದ ಕೈಗಳ ನೆನಪಾಗುತ್ತದೆ. ಆ ಕೈಗಳು ಇಂದು ದೂರದ ಊರಿನಲ್ಲಿ ನಡುಗುತ್ತಿರಬಹುದು, ಅಥವಾ ಇಲ್ಲದೆಯೇ ಹೋಗಿರಬಹುದು. ಅವು ಮಾಡಿದ ಪೂಜೆಯ ಪ್ರಸಾದವು ಈಗ ಮಗಳ ಬೆರಳುಗಳಲ್ಲಿದೆ. ಅವು ತಿಳಿಯದೆಯೇ ಅದೇ ಮೂರು ಕಾಲಿನ ಜಡೆಯನ್ನು ಹೆಣೆಯುತ್ತವೆ.

ಮಗಳ ಬಾಲ್ಯವು ತಾಯಿಯ ಪಾಲಿಗೆ ಒಂದು ದೀರ್ಘವಾದ ನವರಾತ್ರಿ. ದೇವೀಭಾಗವತವು ಎಣಿಸಿದ ಎರಡರಿಂದ ಹತ್ತರವರೆಗಿನ ವಯಸ್ಸುಗಳೂ ಒಂಬತ್ತೇ. ಕುಮಾರಿಕೆಯಾಗಿ ಬಂದವಳು ಸುಭದ್ರೆಯಾಗಿ ಎದ್ದು ನಿಲ್ಲುವ ಹೊತ್ತಿಗೆ ಆ ಒಂಬತ್ತು ವರ್ಷಗಳು ಒಂಬತ್ತು ದಿನಗಳಂತೆ ಸರಿದುಹೋಗುತ್ತವೆ. ಆ ಬಳಿಕ ಬರುವುದು ವಿಜಯದಶಮಿ. ಅಂದು ಮಗಳು ಗಡಿಯನ್ನು ದಾಟಿ ತನ್ನ ದಾರಿಯಲ್ಲಿ ಹೊರಡುತ್ತಾಳೆ. ಆದುದರಿಂದ ಬಸ್ಸಿಗೆ ಹೊತ್ತಾಯಿತು, ಲೋಕಲ್ ರೈಲಿಗೆ ಹೊತ್ತಾಯಿತು ಎಂಬ ಧಾವಂತದ ನಡುವೆಯೂ ಒಂದು ಗಳಿಗೆ ಬಿಡುವು ಮಾಡಿಕೊಂಡು, ಮುಂದೆ ಕುಳಿತ ಪುಟ್ಟ ತಲೆಯ ಮೇಲೆ ಕೈಯಿಡುವುದು ತಾಯಂದಿರಿಗೆ ನಿತ್ಯಪೂಜೆಯೇ ಸರಿ. ಸಿಕ್ಕು ಬಿಡಿಸುವಾಗ ನೋಯದಂತೆ ಬಿಡಿಸಬೇಕು. ಕನ್ನಡಿಯಲ್ಲಿ ಮಗಳು ನಕ್ಕಳೇ ಎಂದು ನೋಡಬೇಕು. ನಕ್ಕಳಾದರೆ ದೇವಿಯು ಪ್ರಸನ್ನಳಾದಳೆಂದು ತಿಳಿಯಬಹುದು.

ಆಭರಣಗಳಿಂದ ಶೋಭಿಸುವ ರಾಜರಾಜೇಶ್ವರಿಯೂ, ಆಭರಣಗಳಿಲ್ಲದ ಧೂಮಾವತಿಯೂ, ಒಂಬತ್ತರ ಬಾಲೆಯೂ ಆಗಿ ತೋರುವ ಆ ಜಗದಂಬೆಯು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಆಯುರಾರೋಗ್ಯವನ್ನೂ ವಿದ್ಯೆಯನ್ನೂ ಧೈರ್ಯವನ್ನೂ ಕರುಣಿಸಲಿ. ಅವರನ್ನು ಸಿಂಗರಿಸುವ ತಾಯಂದಿರ ಕೈಗಳಿಗೆ ಬಲವನ್ನು ಕೊಡಲಿ. ಸರ್ವರಿಗೂ ಸನ್ಮಂಗಳವಾಗಲಿ.